ಸೊಪ್ಪಿನ ಮಡಿಗೆ ಮೊದಲು ಮಣ್ಣು, ಅನಂತರ ನೀರು

ಚನ್ನಗಿರಿಗೆ ಸೂಳೆಕೆರೆಯೂ ಭದ್ರಾ ನಾಲೆಯೂ, ಹೊನ್ನಾಳಿಗೆ ತುಂಗಭದ್ರಾ ನದಿಯೂ ಆಧಾರವಾಗಿವೆ. ಮಲೆನಾಡಿನ ಅಂಚಿನ ನ್ಯಾಮತಿಗೆ ಮಳೆಯ ಆಸರೆಯುಂಟು. ಜಗಳೂರು ಮಾತ್ರ ಬರಕ್ಕೆ ಹೆಸರಾದ ಸೀಮೆ. ಆದರೆ ಸೊಪ್ಪಿನ ವಿಷಯದಲ್ಲಿ ನಾಲ್ಕು ಕಡೆಗೂ ಸಲ್ಲುವ ಮಾತೊಂದಿದೆ. ಸೊಪ್ಪು ಸೊರಗಿದರೆ ನೀರು ಸಾಲದೆಂದು ಬಗೆಯುವುದು ವಾಡಿಕೆ. ನೀರುಳ್ಳವರು ಮಡಿಯಲ್ಲಿ ನೀರು ನಿಲ್ಲಿಸುವರು. ಇಲ್ಲದವರು ಸೊಪ್ಪಿನ ಆಸೆಯನ್ನೇ ಬಿಡುವರು. ಕೊರತೆಯಾದರೋ ಅನೇಕ ವೇಳೆ ಮಣ್ಣಿನ ಸಾರದಲ್ಲಿರುವುದು.

ಇದು ಅಲ್ಪ ವಿಷಯವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೂ, 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 47 ಮಂದಿಗೂ ರಕ್ತಹೀನತೆಯಿತ್ತು. ಸೊಪ್ಪೊಂದೇ ಇದಕ್ಕೆ ಪರಿಹಾರವಲ್ಲವಾದರೂ ಬಡವರ ಊಟದಲ್ಲಿ ಅದರ ಸ್ಥಾನವನ್ನು ತುಂಬುವ ಪದಾರ್ಥ ಸುಲಭವಾಗಿ ದೊರೆಯದು. ಹಿಂದೆ ಕೂಲಿಯ ಹೆಂಗಸರು ಹೊಲದಲ್ಲಿ ತಾನಾಗಿ ಹುಟ್ಟಿದ ಅಣ್ಣೆಸೊಪ್ಪು, ಗೋಣಿಸೊಪ್ಪುಗಳನ್ನು ಮಡಿಲಿನಲ್ಲಿ ತರುತ್ತಿದ್ದರು. ಕಳೆನಾಶಕ ಸಿಂಪಡಿಸಿದ ಹೊಲದಿಂದ ಅವನ್ನು ತರುವುದು ಈಗ ಕ್ಷೇಮವಲ್ಲ. ಹೊಲದ ಸೊಪ್ಪು ತಪ್ಪಿದ ಮೇಲೆ ಮಡಿಯ ಸೊಪ್ಪನ್ನು ಒದಗಿಸುವ ಹೊಣೆ ಹೊಲದ ಒಡೆಯರಿಗೆ ಸೇರಿದ್ದೆಂದರೆ ಅತಿಶಯೋಕ್ತಿಯಾಗದು.

ಒಂದು ಗುಂಟೆಗೆ ಒಂದು ಅಂಗುಲದಷ್ಟು ನೀರು ಕೊಡಲು ಸುಮಾರು 2,500 ಲೀಟರು ಬೇಕು. ಸಾರವಿಲ್ಲದ ಕೆಂಪು ಮರಳುಮಣ್ಣಿನಲ್ಲಿ ಅದು ಬೇಗ ಇಂಗಿಹೋಗುವುದು. ಜಿಗುಟಾದ ಕಪ್ಪು ಮಣ್ಣಿನಲ್ಲಿ ನಿಂತು ಬೇರನ್ನು ಕೊಳೆಯಿಸುವುದು. ಈ ಎರಡು ದೋಷಗಳಿಗೂ ಕೊಳೆತ ಗೊಬ್ಬರವೇ ಮದ್ದು. ಗುಂಟೆಗೆ 200ರಿಂದ 250 ಕಿಲೋಗ್ರಾಂ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬಿತ್ತುವ ಮೊದಲೇ ಬೆರೆಸತಕ್ಕದ್ದು. ಕೆಂಪು ನೆಲಕ್ಕೆ ಕೆರೆಯ ಗೋಡು ಹೊಡೆಸುವುದು ಹಿರಿಯರಿಂದ ಬಂದ ಒಳ್ಳೆಯ ಪದ್ಧತಿ. ಕಪ್ಪು ನೆಲದಲ್ಲಿ ಮಡಿಯನ್ನು ಗೇಣೆತ್ತರ ಏರಿಸಿ ನೀರು ಬಸಿಯಲು ದಾರಿ ಬಿಡಬೇಕು. ಗೊಬ್ಬರದ ಬದಲು ಯೂರಿಯಾ ಒಂದನ್ನೇ ಸುರಿದರೆ ಎಲೆ ಹಸುರಾಗಿ ಕಂಡರೂ ಹೇನಿನ ಕಾಟ ಹೆಚ್ಚುವುದು.

ಗೊಬ್ಬರಕ್ಕೆ ಎಲ್ಲಿಗೆ ಹೋಗಬೇಕೆಂದು ಕೆಲವರು ಕೇಳಬಹುದು. ಮೆಕ್ಕೆಜೋಳದ ದಂಟಿಗೆ ಬೆಂಕಿಯಿಡುವವರು ಈ ಪ್ರಶ್ನೆ ಕೇಳುವುದು ಉಚಿತವಲ್ಲ. ಸಿ. ಎನ್. ಆಚಾರ್ಯರು 1939ರಲ್ಲಿ ವಿವರಿಸಿದ ‘ಬೆಂಗಳೂರು ಪದ್ಧತಿ’ ಲೋಕಪ್ರಸಿದ್ಧವಾಗಿದೆ. ಮೂರು ಅಡಿ ಆಳದ ಗುಂಡಿಯಲ್ಲಿ ತೇವಮಾಡಿದ ಕಸವನ್ನು ಅರ್ಧ ಅಡಿಯಂತೆ ಹರಡಿ, ನಡುನಡುವೆ ತೆಳ್ಳಗೆ ಸಗಣಿ ಸೇರಿಸಿ, ತುಂಬಿದ ಮೇಲೆ ಕೆಸರುಮಣ್ಣಿನಿಂದ ಮೆತ್ತಿದರೆ 6ರಿಂದ 8 ತಿಂಗಳಲ್ಲಿ ಗೊಬ್ಬರ ಸಿದ್ಧವಾಗುವುದು. ಮಗುಚುವ ಕೂಲಿಯಿಲ್ಲ, ಮತ್ತೆ ನೀರು ಹಾಕುವ ಗೋಜಿಲ್ಲ. ಜಗಳೂರಿನಂತಹ ಸೀಮೆಗೆ ಇದು ಹೇಳಿಮಾಡಿಸಿದಂತಿದೆ.

ಇಂತಹ ಮಡಿಗೆ ನೀರನ್ನು ಹಿತಮಿತವಾಗಿ, ಬೆಳಗಿನ ಹೊತ್ತು ಕೊಡುವುದು ಲೇಸು. ರಾತ್ರಿಯೆಲ್ಲಾ ಎಲೆ ತೇವವಾಗಿದ್ದರೆ ರೋಗ ತಗಲುವುದು. ಮಡಿಯ ಸಾಲುಗಳ ನಡುವೆ ಹುಲ್ಲನ್ನಾಗಲಿ ಅಡಕೆಯ ಸೋಗೆಯನ್ನಾಗಲಿ ಹೊದಿಸಿದರೆ ತೇವ ಉಳಿಯುವುದು. ಕೊಳವೆಬಾವಿಯ ನೀರು ಉಪ್ಪಾಗಿದ್ದಲ್ಲಿ ಮೊದಲು ಪರೀಕ್ಷೆ ಮಾಡಿಸತಕ್ಕದ್ದು. ಚರಂಡಿಯ ನೀರನ್ನು ಸೊಪ್ಪಿಗೆ ಎಂದಿಗೂ ಹಾಯಿಸಬಾರದು.

ಸೊಪ್ಪಿನಿಂದ ಹಣವಿಲ್ಲವೆಂಬ ಆಕ್ಷೇಪಣೆಯಲ್ಲಿ ಸ್ವಲ್ಪ ನಿಜವಿದೆ. ಅಡಕೆಯೊಡನೆ ಹರಿವೆಯನ್ನು ತೂಗಲಾಗದು. ಆದರೆ ಇಲ್ಲಿ ಬೇಡುತ್ತಿರುವುದು ಒಂದು ಗುಂಟೆ ಮಾತ್ರ. ದಂಟು, ಮೆಂತ್ಯ, ಸಬ್ಬಸಿಗೆ, ಪುಂಡಿ ಇವುಗಳ ಜೊತೆಗೆ ಹೆಸರಘಟ್ಟದ ಸಂಸ್ಥೆಯ ‘ಅರ್ಕ ಸುಗುಣ’ ದಂಟನ್ನು ಬಿತ್ತಿದರೆ ಒಂದೇ ಬಿತ್ತನೆಯಿಂದ ಹಲವು ಸಲ ಕೊಯ್ಯಬಹುದು. ಊರಿನ ಪ್ರಮುಖರು ತಮ್ಮ ತೋಟದಂಚಿನಲ್ಲಿ ಒಂದು ಗುಂಟೆಯನ್ನು ಆಳುಮಕ್ಕಳ ಮನೆಗಳಿಗೂ ಅಂಗನವಾಡಿಗೂ ಬಿಟ್ಟುಕೊಟ್ಟು, ಈ ಸುಗ್ಗಿಯ ಕಸವನ್ನು ಸುಡದೆ ಗುಂಡಿಗೆ ಹಾಕಿಸಲಿ. ಹಿರಿಯರ ಹಿತ್ತಿಲಲ್ಲಿ ಕಂಡದ್ದನ್ನು ಊರು ಬೇಗ ಅನುಸರಿಸುವುದು.