ಕಾರಿನ ಕೀ ಕಳೆದರೆ ತಾಲ್ಲೂಕಿನವನ ಗತಿಯೇನು?

ಕೊಟ್ಟೂರೇಶ್ವರನ ತೇರಿನ ದಿನವೋ, ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕದ ದಿನವೋ, ನೂಕುನುಗ್ಗಲಿನಲ್ಲಿ ಜೇಬಿನ ಕಾರು ಕೀಲಿಕೈ ಎಲ್ಲೋ ಬಿತ್ತೆನ್ನಿ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲವಾಗಿದ್ದರೆ ಚಿಂತೆ ಇರಲಿಲ್ಲ. ಬಸ್ ಸ್ಟ್ಯಾಂಡಿನ ಬದಿ ಛತ್ರಿ ಕೆಳಗೆ ಕುಂತ ಕೀಲಿ ರಿಪೇರಿಯವನನ್ನು ಕರೆತಂದರೆ ಆಯಿತು. ಅವನು ಅರ ಹಿಡಿದು ಸ್ವಲ್ಪ ಹೊತ್ತು ತಿಕ್ಕಿದರೆ ಹೊಸ ಕೀ ತಯಾರು. ಹಲ್ಲು ಕೂತರೆ ಸಾಕಿತ್ತು, ಗಾಡಿ ಹೊರಡುತ್ತಿತ್ತು.

ಈಗ ಹಲ್ಲು ಕೂತರೆ ಸಾಲದು. ಕೀ ತಿರುಗುತ್ತದೆ, ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಹಿಡಿದರೂ ಒಂದೆರಡು ಕ್ಷಣಕ್ಕೆ ಕೆಮ್ಮಿ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಸಣ್ಣ ದೀಪವೊಂದು ಮಿಣಮಿಣ ಅನ್ನುತ್ತಿರುತ್ತದೆ. ಸುತ್ತ ನಿಂತವರಲ್ಲಿ ಒಬ್ಬ ಬ್ಯಾಟರಿ ಡೌನ್ ಅಂತಾನೆ, ಇನ್ನೊಬ್ಬ ಪೆಟ್ರೋಲ್ ಕಚಡ ಅಂತಾನೆ. ನಾಲ್ಕು ಜನ ಸೇರಿ ತಳ್ಳಿಯೂ ನೋಡುತ್ತಾರೆ. ಊರೆಲ್ಲ ತಳ್ಳಿದರೂ ಅಷ್ಟೇ, ಕಾರು ಮಾಲಿಕನನ್ನೇ ಕಳ್ಳ ಅಂದುಕೊಂಡು ಕೂತಿದೆ!

ಸಂಗತಿ ಇಷ್ಟೇ. ಕೀಲಿಕೈಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಅದಕ್ಕೆ ಸೆಲ್ ಬೇಡ. ಕೀ ಹಾಕುವ ಬೀಗದ ಬಾಯಿಯ ಸುತ್ತ ತಂತಿ ಸುತ್ತಿದ ಬಳೆಯೊಂದಿದೆ. ಕೀ ತಿರುಗಿಸಿದಾಗ ಆ ಬಳೆಯಿಂದಲೇ ಚಿಪ್ಪಿಗೆ ಶಕ್ತಿ ಬರುತ್ತದೆ, ಚಿಪ್ ತನ್ನ ಗುರುತು ಹೇಳುತ್ತದೆ. ಹೊಸ ಬಗೆಯವಾದರೆ ಕಾರಿನ ಕಂಪ್ಯೂಟರ್ ಪ್ರತಿ ಸಲ ಬೇರೆ ಪ್ರಶ್ನೆ ಕೇಳುತ್ತದೆ, ಚಿಪ್ ಲೆಕ್ಕ ಹಾಕಿ ಉತ್ತರ ಕೊಡುತ್ತದೆ. ಉತ್ತರ ತಾಳೆಯಾದರೆ ಇಂಜಿನ್‌ಗೆ ಅಪ್ಪಣೆ. ಇದಕ್ಕೆ ಇಮ್ಮೊಬಿಲೈಜರ್ ಅಂತ ಹೆಸರು. ಮಾರುತಿಯವರು ಐಕ್ಯಾಟ್ಸ್ ಅಂತ ಕರೆದದ್ದು ಇದನ್ನೇ. ಕೀಯೊಳಗಿನ ಸೆಲ್ಲು ಬಾಗಿಲು ತೆರೆಯುವ ರಿಮೋಟಿಗೆ ಮಾತ್ರ. ತಿರುಗಿಸುವ ಕೀ ಇರುವ ಕಾರಿನಲ್ಲಿ ಸೆಲ್ ಸತ್ತರೆ ಇಂಜಿನ್ ನಿಲ್ಲುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಇಪ್ಪತ್ತು ಮೂವತ್ತು ರೂಪಾಯಿಯ ಸೆಲ್ಲಿನ ಕೆಲಸಕ್ಕೆ ಹೊಸ ಕೀ ಮಾಡಿಸಿಕೊಂಡು ಬರುವವರೂ ಇದ್ದಾರೆ.

ಕೀ ಪ್ರೋಗ್ರಾಮ್ ಮಾಡುವುದೆಂದರೆ ಹೊಸ ಚಿಪ್ಪಿನ ಪರಿಚಯವನ್ನು ಕಾರಿನ ಕಂಪ್ಯೂಟರಿಗೆ ಮಾಡಿಕೊಡುವುದು. ಸ್ಟೇರಿಂಗ್ ಕೆಳಗೊಂದು ಸಾಕೆಟ್ ಇದೆ, ಮಿಶಿನ್ನಿನ ಪಿನ್ನನ್ನು ಅಲ್ಲಿ ಚುಚ್ಚಬೇಕು. ಆದರೆ ಕಂಪ್ಯೂಟರ್ ಸುಮ್ಮನೆ ಬಾಗಿಲು ತೆಗೆಯುವುದಿಲ್ಲ. ಬಹಳ ಗಾಡಿಗಳಲ್ಲಿ ಗುಟ್ಟಿನ ನಂಬರೊಂದು ಕೇಳುತ್ತದೆ. ಆ ನಂಬರು ಛಾಸಿ ನಂಬರಿನ ಮೇಲೆ ಕಂಪನಿಯ ಬಳಿ ಇರುತ್ತದೆ. ಕೈಯಲ್ಲಿ ಒಂದು ಕೀ ಸರಿಯಾಗಿದ್ದರೆ ಇನ್ನೊಂದು ಮಾಡಿಸುವುದು ಸಣ್ಣ ಕೆಲಸ. ಎಷ್ಟೋ ಚಿಪ್ಪುಗಳನ್ನು ಇದ್ದ ಕೀಯಿಂದಲೇ ನಕಲು ಎತ್ತಬಹುದು. ಎರಡೂ ಹೋದವೆನ್ನಿ, ಆಗ ಶನಿ ಶುರು. ಬೀಗ ನೋಡಿ ಹಲ್ಲು ಕೊರೆಯಬೇಕು, ಗುಟ್ಟಿನ ನಂಬರು ತರಿಸಬೇಕು. ಕೆಲವು ಮಾದರಿಗಳಲ್ಲಿ ಕಂಪ್ಯೂಟರ್ ಡಬ್ಬವನ್ನೇ ಬಿಚ್ಚಿ ಮೇಜಿನ ಮೇಲಿಟ್ಟು ಕೆಲಸ ಮಾಡಬೇಕು, ಇಲ್ಲವೇ ಹೊಸದು ಹಾಕಬೇಕು. ಒಂದು ಕೀ ಉಳಿದವನಿಗೂ ಒಂದೂ ಉಳಿಯದವನಿಗೂ ಖರ್ಚಿನಲ್ಲಿ ಆಡಿಗೂ ಆನೆಗೂ ಇರುವಷ್ಟು ಅಂತರ.

ಪಟ್ಟಣದವನಿಗೆ ಇದು ಒಂದು ದಿನದ ತಾಪತ್ರಯ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯವರಿಗೆ ಹಾಗಲ್ಲ. ಕಂಪನಿ ಶೋರೂಮ್ ಅಂದರೆ ಹೊಸಪೇಟೆ, ದಾವಣಗೆರೆ, ಬಳ್ಳಾರಿ ಕಡೆ ಮುಖ ಮಾಡುವುದು ಈ ಭಾಗದ ವಾಡಿಕೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಕಾಗದದಲ್ಲಿ ಜಿಲ್ಲೆ ಎಷ್ಟು ಸಲ ಬದಲಾದರೂ ಸಂತೆ-ವ್ಯಾಪಾರದ ದಾರಿ ದಾವಣಗೆರೆಯದೇ. ಹಡಗಲಿಯವರಿಗೆ ಎರಡೂ ಕಡೆ ದೂರ. ಕಾರು ಊರಲ್ಲಿ, ಮಿಶಿನ್ನು ಪಟ್ಟಣದಲ್ಲಿ. ಕೀ ಇಲ್ಲದ ಕಾರು ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ಎಳೆದೊಯ್ಯುವ ಗಾಡಿಯ ಬಾಡಿಗೆ ಬೇರೆ, ಆರ್‌ಸಿ, ಆಧಾರ್ ಹಿಡಿದು ಅರ್ಜಿ ಬರೆದುಕೊಟ್ಟು ಕೀ ಬರುವ ತನಕ ಕಾಯುವುದು ಬೇರೆ. ಬಾಡಿಗೆ ಕಾರು ಇಟ್ಟುಕೊಂಡು ಹೊಟ್ಟೆ ಹೊರೆಯುವವನಿಗೆ ಮದುವೆ ಸೀಜನ್ನಿನಲ್ಲಿ ಒಂದು ವಾರ ಗಾಡಿ ನಿಂತರೆ ಆ ತಿಂಗಳ ಕಂತು ಯಾರು ಕಟ್ಟಬೇಕು?

ಈ ಸಂದಿಯಲ್ಲಿಯೇ ಕೀಲಿ ಕಸುಬಿನ ಹೊಸ ತಲೆಮಾರು ಹುಟ್ಟಿಕೊಂಡಿದೆ. ಬ್ಯಾಗಿನಲ್ಲಿ ಚೀನಾ ಮಿಶಿನ್ನು, ಮೊಬೈಲಿನಲ್ಲಿ ಗಿರಾಕಿ. ಫೋನು ಮಾಡಿದರೆ ಬೈಕಿನಲ್ಲಿ ಬಂದು ಕಾರು ನಿಂತಲ್ಲೇ ಕೀ ಮಾಡಿಕೊಡುತ್ತಾರೆ. ಶೋರೂಮಿಗಿಂತ ದರ ಕಡಿಮೆ, ಕೆಲಸ ಬೇಗ. ಇವರನ್ನು ಕಂಡರೆ ಕಂಪನಿಯವರಿಗೆ ಹೊಟ್ಟೆಯುರಿ, ಪೊಲೀಸರಿಗೆ ಅನುಮಾನ. ಮಾಲಿಕನಿಗೆ ಕೀ ಮಾಡಿಕೊಡುವ ಮಿಶಿನ್ನು ಕಳ್ಳನಿಗೂ ಮಾಡಿಕೊಟ್ಟೀತಲ್ಲ ಎಂಬ ಅನುಮಾನ ಸುಳ್ಳೂ ಅಲ್ಲ.

ಹಾಗಂತ ಚಿಪ್ಪೇ ಬೇಡವೆನ್ನುವುದು ಹುಚ್ಚು. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ನೆದರ್ಲೆಂಡ್ಸ್ ದೇಶದ 1995ರಿಂದ 2008ರ ಲೆಕ್ಕ ತೆಗೆದ ಅರ್ಥಶಾಸ್ತ್ರಜ್ಞರು ಇದರಿಂದ ಕಾರುಗಳ್ಳತನ ಸರಾಸರಿ ಶೇ. 40ರಷ್ಟು ಇಳಿಯಿತೆಂದು ಕಂಡರು. ಚಿಪ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕ ನೋಡಿತು. ಅಲ್ಲಿ ಇದು ಕಡ್ಡಾಯವಿಲ್ಲದ್ದರಿಂದ ಹುಂಡೈ, ಕಿಯಾ ಕಂಪನಿಗಳು 2011ರಿಂದ ಹತ್ತು ವರ್ಷ ಅನೇಕ ಕಡಿಮೆ ಬೆಲೆಯ ಮಾದರಿಗಳನ್ನು ಚಿಪ್ ಇಲ್ಲದೆಯೇ ಮಾರಿದವು. 2022ರಲ್ಲಿ ಮೊಬೈಲ್ ಚಾರ್ಜರ್ ವೈರಿನ ತುದಿಯಿಂದ ಅವನ್ನು ಸ್ಟಾರ್ಟ್ ಮಾಡುವ ವಿಡಿಯೋ ಹಬ್ಬಿ, ಹುಡುಗರು ಊರೂರಲ್ಲಿ ಕಾರು ಕದ್ದರು. 2023ರಲ್ಲಿ ಕಂಪನಿಗಳು ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಡಬೇಕಾಯಿತು. ಪಕ್ಕದ ಕೆನಡಾದಲ್ಲಿ 2007ರಿಂದಲೇ ಚಿಪ್ ಕಡ್ಡಾಯ. ಅಲ್ಲಿ ಈ ಆಟ ನಡೆಯಲಿಲ್ಲ.

ಚಿಪ್ ಬೇಕು, ಸರಿ. ಆದರೆ ಗುಟ್ಟಿನ ನಂಬರು ಯಾರದು? ಲಕ್ಷಗಟ್ಟಲೆ ಎಣಿಸಿಕೊಟ್ಟು ಕಾರು ತಂದವನದೋ, ಮಾರಿ ದುಡ್ಡು ಎಣಿಸಿಕೊಂಡ ಕಂಪನಿಯದೋ? ಮನೆ ಮಾರಿದವನು ಬೀಗದ ಕೈ ತನ್ನಲ್ಲೇ ಇಟ್ಟುಕೊಂಡು ಬೇಕಾದಾಗ ಬಂದು ಇಸಗೊಳ್ಳಿ ಅಂದರೆ ಯಾರಾದರೂ ಒಪ್ಪುತ್ತಾರೇನು? ಅಮೆರಿಕದಲ್ಲಿ ಒಂದು ದಾರಿ ಮಾಡಿದ್ದಾರೆ. ಅಲ್ಲಿ ನಾಸ್ಟಫ್ ಎಂಬ ಸಂಸ್ಥೆಯಿದೆ. ಅದು ಹಿನ್ನೆಲೆ ವಿಚಾರಿಸಿ ಹೆಸರು ನೋಂದಾಯಿಸಿದ ಕೀಲಿ ಕಸುಬಿನವರಿಗೆ ಕಂಪನಿಗಳ ನಂಬರು ಸಿಗುತ್ತದೆ. ಮಾಲಿಕನ ಗುರುತು, ಗಾಡಿಯ ಕಾಗದ ನೋಡಿ ಫಾರಂ ತುಂಬಿ ಇಟ್ಟುಕೊಂಡರೆ ಮಾತ್ರ. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ಮೋಟಾರು ವಾಹನವನ್ನೂ ಅದರಲ್ಲಿ ಸೇರಿಸಿತು. ಆದರೆ ಪೋರ್ಟಲ್ ಬೇರೆ, ಕಾನೂನು ಬೇರೆ.

ದಿಲ್ಲಿ ದೂರವಾಯಿತು, ತಾಲ್ಲೂಕಿನಲ್ಲೇ ಆಗುವ ಕೆಲಸವೊಂದಿದೆ. ಹಳೇ ಬಂಗಾರ ಕೊಳ್ಳುವವನು, ಲಾಡ್ಜ್ ನಡೆಸುವವನು ರಿಜಿಸ್ಟರ್ ಇಡುವ ಹಾಗೆ ಕೀ ಮಾಡುವವನೂ ಒಂದು ರಿಜಿಸ್ಟರ್ ಇಡಲಿ. ಗಾಡಿ ನಂಬರು, ಆರ್‌ಸಿ ಯಾರ ಹೆಸರಲ್ಲಿದೆ, ಕೀ ಕೇಳಿ ಬಂದವನ ಸಹಿ, ಇಷ್ಟು ಸಾಕು. ಠಾಣೆಯವರು ಆಗಾಗ ಬಂದು ನೋಡಲಿ. ಪ್ರಾಮಾಣಿಕ ಕಸುಬಿನವನಿಗೆ ಇದರಿಂದ ನಷ್ಟವಿಲ್ಲ, ನಾಳೆ ಯಾರಾದರೂ ಬೆರಳು ತೋರಿಸಿದರೆ ಅವನ ಪರವಾಗಿ ನಿಲ್ಲುವುದು ಆ ಪುಸ್ತಕವೇ. ಶೆವರ್ಲೆ 2017ರ ಕೊನೆಗೆ ಈ ದೇಶದಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿ ಕಾರು ಮಾಡುವುದನ್ನು ಬಿಡುತ್ತೇನೆಂದಿತು. ಅವರ ಕಾರುಗಳನ್ನು ಇಟ್ಟುಕೊಂಡವರಿಗೆ ಈ ಬ್ಯಾಗಿನ ಹುಡುಗರಲ್ಲದೆ ಇನ್ನಾರು ಹತ್ತಿರ?

ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರಿಗೆ ಇನ್ನೊಂದು ತೊಡಕು. ಮಾರುವವನು ಒಂದೇ ಕೀ ಕೊಟ್ಟು "ಇನ್ನೊಂದು ಮನ್ಯಾಗೈತಿ, ಆಮ್ಯಾಲೆ ಕಳಿಸ್ತೀನಿ" ಅಂದರೆ ಅಲ್ಲೇ ನಿಲ್ಲಬೇಕು. ಆ ಇನ್ನೊಂದು ಯಾರ ಜೇಬಿನಲ್ಲಿದೆಯೋ! ಹೊಸ ಕೀ ಕಲಿಸುವಾಗ ಹಳೆಯವನ್ನೆಲ್ಲ ಅಳಿಸಲು ಬಹಳ ಗಾಡಿಗಳಲ್ಲಿ ಬರುತ್ತದೆ, ಆದರೆ ಬಾಯಿಬಿಟ್ಟು ಕೇಳಿ ಅಳಿಸಬೇಕು. ಅಳಿಸಿದ ಮೇಲೂ ಹಳೇ ಕೀ ಬಾಗಿಲು ತೆರೆಯುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಕಾರು ಕಳುವಾಗಿ ವಿಮೆ ಕ್ಲೇಮ್ ಹಾಕಿದರೆ ಕಂಪನಿಯವರು ಮೊದಲು ಕೇಳುವುದರಲ್ಲಿ ಎರಡೂ ಕೀ ಸೇರಿದೆ. ಒಂದೇ ಇದ್ದರೆ ತಕರಾರು ಎದ್ದೇ ಏಳುತ್ತದೆ. ಕೀ ಕಳೆದ ದಿನವೇ ಪೊಲೀಸರ ಇ-ಲಾಸ್ಟ್‌ನಲ್ಲಿ ಬರೆಸಿ ರಸೀದಿ ಇಟ್ಟುಕೊಂಡವನಿಗೆ ಆಗ ಹೇಳಿಕೊಳ್ಳಲು ಬಾಯಿ ಇರುತ್ತದೆ.

ಇನ್ನು ಕೆಲವು ಗ್ಯಾರೇಜಿನ ಅಡ್ಡದಾರಿ. ಇದ್ದ ಕೀಯ ಚಿಪ್ ತೆಗೆದು ಬೀಗದ ಬಳೆಯ ಪಕ್ಕದಲ್ಲೇ ಟೇಪು ಸುತ್ತಿ ಬಚ್ಚಿಡುತ್ತಾರೆ. ಆಮೇಲೆ ಬರೀ ಹಲ್ಲಿನ ಅಗ್ಗದ ಕೀಗೂ ಗಾಡಿ ಓಡುತ್ತದೆ. ಮಾಲಿಕನಿಗೆ ದುಡ್ಡು ಉಳಿಯಿತು, ಕಳ್ಳನಿಗೆ ಅರ್ಧ ಕೆಲಸ ಉಳಿಯಿತು.

ಕಾರು ಇಲ್ಲದವರೂ ಇದನ್ನು ಓದಿ ಪುಟ ತಿರುಗಿಸುವಂತಿಲ್ಲ. 2023ರ ಜನವರಿಯಲ್ಲಿ ಹೋಂಡಾ ಆಕ್ಟಿವಾ ಸ್ಕೂಟರಿಗೂ ಸ್ಮಾರ್ಟ್ ಕೀ ಬಂತು. ಅಂಗಡಿ ಮುಂದೆ ನಿಲ್ಲಿಸುವ ಗಾಡಿಗೂ ಅದೇ ಪಾಡು ಬರುವ ದಿನ ದೂರವಿಲ್ಲ. ಮನೆಯ ಬೀರುವಿನಲ್ಲಿ ಎರಡನೇ ಕೀ ಇದ್ದರೆ ಇವತ್ತು ರಾತ್ರಿಯೇ ತೆಗೆದು ಗಾಡಿಗೆ ಹಾಕಿ ನೋಡಲಿ. ಬರೀ ಬಾಗಿಲು ತೆರೆದರೆ ಸಾಲದು, ಇಂಜಿನ್ ಹಿಡಿಯಬೇಕು. ಹಿಡಿಯಲಿಲ್ಲವಾದರೆ ಮೊದಲನೇ ಕೀ ಕೈಯಲ್ಲಿರುವಾಗಲೇ ಇನ್ನೊಂದು ಮಾಡಿಸಿಕೊಳ್ಳಲಿ.