ಮಾರುಕಟ್ಟೆ ಶಾಸ್ತ್ರವೂ ಟೊಮೆಟೊ ಮಂಡಿಯೂ

ಮಾರುಕಟ್ಟೆ ಶಾಸ್ತ್ರವೆಂದರೆ ನಯವಾದ ಮಾತಿನಿಂದ ಸರಕು ಸಾಗಹಾಕುವ ವಿದ್ಯೆಯೆಂದು ನಾನು ಭಾವಿಸಿದ್ದೆನು. ತರಗತಿಯಲ್ಲಿ ಆ ಭ್ರಮೆ ಅಳಿಯಿತು. ಅಮೆರಿಕದ ಜೆರೋಮ್ ಮೆಕಾರ್ಥಿಯವರು 1960ರಲ್ಲಿ ಹೇಳಿದ ಅಂಗಗಳು ನಾಲ್ಕು: ಸರಕು, ಬೆಲೆ, ಸ್ಥಳ, ಪ್ರಚಾರ. ಕೊಳ್ಳುವವನ ಅಗತ್ಯವನ್ನರಿತು ಮಾರುವವನು ಇವನ್ನು ಹೊಂದಿಸಿಕೊಳ್ಳಬೇಕು.

ಆದರೆ ನಮ್ಮ ತಂದೆಯವರು 15 ಕಿಲೋ ಟೊಮೆಟೊ ಬಾಕ್ಸುಗಳನ್ನು ಕೋಲಾರದ ಮಂಡಿಗೆ ಒಯ್ದರೆ, ಹರಾಜಿನಲ್ಲಿ ಬೆಲೆ ಕೂಗುವವನು ಕೊಳ್ಳುವವನೇ! ಮಾಗಿದ ಹಣ್ಣು ಕಾಯದು; ಹಿಂದಕ್ಕೆ ತಂದರೆ ಬಾಡಿಗೆಯೂ ನಷ್ಟ.

ಹಾಗಾದರೆ ಈ ಶಾಸ್ತ್ರ ರೈತನಿಗೆ ನಿರರ್ಥಕವೆ? ಎಂದಿಗೂ ಅಲ್ಲ. ಒಬ್ಬಂಟಿಗನ ಕೈಗೆ ಬೆಲೆ ಏಕೆ ಸಿಕ್ಕದೆಂದು ನನಗೆ ತಿಳಿಸಿದ್ದು ಈ ಪಾಠವೇ. ಹಾಲು ಉತ್ಪಾದಕರು ಸಹಕಾರ ಸಂಘ ಕಟ್ಟಿ ‘ನಂದಿನಿ’ಯೆಂಬ ಒಂದೇ ಹೆಸರಿನಲ್ಲಿ ಮಾರುತ್ತಿಲ್ಲವೆ?

ಅಧ್ಯಾಪಕರಲ್ಲಿ ನನ್ನ ವಿನಂತಿಯಿಷ್ಟೆ: ಸಾಬೂನಿನ ಉದಾಹರಣೆ ಸಾಕು, ಒಂದು ಮುಂಜಾನೆ ಪಾಠವನ್ನು ಮಂಡಿಯಲ್ಲಿಯೇ ನಡೆಸಿರಿ.