ಡೀಸೆಲ್ ಕಾರಿನ ಮಸಿ: ಸೋಸುಕ ಕಿತ್ತೊಗೆದರೆ ಹೊಗೆ ಹೋಗುವುದೆಲ್ಲಿಗೆ?

ಭಾರತ್ ಸ್ಟೇಜ್-6 ಮಾನದಂಡ 2020ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಅದನ್ನು ಸ್ವಾಗತಿಸಿದವರಲ್ಲಿ ಬಹುತೇಕರಿಗೆ ಡಿಪಿಎಫ್ ಎಂಬ ಮೂರಕ್ಷರದ ಪರಿಚಯವಿರಲಿಲ್ಲ. ಇಂದು ಬೆಂಗಳೂರಿನ ಅನೇಕ ಡೀಸೆಲ್ ಕಾರು ಮಾಲೀಕರಿಗೆ ಆ ಪರಿಚಯ ಸಾಕುಸಾಕೆನಿಸಿದೆ. ಮೊದಲು ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ, ನಂತರ ಎಂಜಿನ್ನಿನ ಶಕ್ತಿ ಕುಗ್ಗುವಿಕೆ, ಆಮೇಲೆ ಸರ್ವೀಸ್ ಕೇಂದ್ರದ ಬಿಲ್ಲು. ಕೊನೆಗೆ ಯಾವುದೋ ಗ್ಯಾರೇಜಿನಲ್ಲಿ ಕೇಳಿಬರುವ ಪಿಸುಮಾತು: 'ಅದನ್ನು ತೆಗೆಸಿಬಿಡಿ ಸಾರ್, ತಲೆನೋವೇ ಇರೋದಿಲ್ಲ.' ಈ ಪಿಸುಮಾತನ್ನು ಗಟ್ಟಿಯಾಗಿ ಚರ್ಚಿಸಬೇಕಾದ ಕಾಲ ಬಂದಿದೆ.

ಡಿಪಿಎಫ್ ಎಂದರೆ ಡೀಸೆಲ್ ಹೊಗೆಯಲ್ಲಿನ ಸೂಕ್ಷ್ಮ ಮಸಿಯನ್ನು ಹಿಡಿದಿಡುವ ಸೋಸುಕ. ಜೇನುಗೂಡಿನಂತಹ ಅದರ ರಂಧ್ರಗಳನ್ನು ಒಂದು ಬಿಟ್ಟು ಒಂದರಂತೆ ಮುಚ್ಚಿರುವುದರಿಂದ ಹೊಗೆ ಗೋಡೆಯ ಮೂಲಕವೇ ನುಸುಳಬೇಕು. ಗಾಳಿ ಹೊರಗೆ, ಮಸಿ ಒಳಗೆ. ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಕಣ ಉಗುಳಲು ಹಿಂದಿನ ಮಾನದಂಡ ಅವಕಾಶ ಕೊಟ್ಟಿತ್ತು. ಬಿಎಸ್-6 ಅದನ್ನು 4.5 ಮಿಲಿಗ್ರಾಮಿಗೆ ಇಳಿಸಿತು. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2012ರಲ್ಲಿಯೇ ಘೋಷಿಸಿರುವಾಗ ಈ ಬಿಗಿ ಅನಗತ್ಯವೆಂದು ಯಾರೂ ಹೇಳಲಾರರು.

ತೊಡಕು ಇರುವುದು ಹಿಡಿದಿಟ್ಟ ಮಸಿಯನ್ನು ಸುಡುವುದರಲ್ಲಿ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಹೊಗೆಯ ಬಿಸಿಗೇ ಮಸಿ ತಾನಾಗಿ ಉರಿದುಹೋಗುತ್ತದೆ. ಅದು ಸಾಲದಿದ್ದಾಗ ಎಂಜಿನ್ನಿನ ಗಣಕ ಒಂದಿಷ್ಟು ಡೀಸೆಲನ್ನು ಹೆಚ್ಚುವರಿಯಾಗಿ ಚಿಮ್ಮಿಸಿ ಸೋಸುಕದ ಉಷ್ಣತೆಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುತ್ತದೆ. ಇದಕ್ಕೆ ಹತ್ತಿಪ್ಪತ್ತು ನಿಮಿಷಗಳ ನಿರಂತರ ಓಟ ಬೇಕು. ಬೆಂಗಳೂರಿನ ಕೇಂದ್ರಭಾಗದಲ್ಲಿ 10 ಕಿಲೋಮೀಟರ್ ಕ್ರಮಿಸಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕೆಂದು ಟಾಮ್‌ಟಾಮ್ ಸಂಸ್ಥೆಯ 2022ರ ಸೂಚ್ಯಂಕ ಹೇಳಿತ್ತು. ಎಂದರೆ ಗಂಟೆಗೆ 20 ಕಿಲೋಮೀಟರ್ ವೇಗ! ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಾರಿನ ಸೋಸುಕಕ್ಕೆ ಉರಿಯುವ ಯೋಗ ಎಲ್ಲಿಂದ ಬರಬೇಕು? ಅರ್ಧ ಸುಟ್ಟಿರುವಾಗಲೇ ಮನೆ ಬರುತ್ತದೆ, ಮಾಲೀಕ ಎಂಜಿನ್ ಆರಿಸುತ್ತಾನೆ. ಹೀಗೆ ಪದೇ ಪದೇ ಆದರೆ ಮಸಿ ಕಟ್ಟಿಕೊಳ್ಳುತ್ತದೆ. ಸಾಲದ್ದಕ್ಕೆ ಉರಿಯದ ಡೀಸೆಲ್ ಎಂಜಿನ್ ಆಯಿಲಿಗೆ ಬೆರೆತು ಅದನ್ನು ತೆಳುವಾಗಿಸುತ್ತದೆ. ವಾರಕ್ಕೆರಡು ಸಲ ಹುಬ್ಬಳ್ಳಿಯಿಂದ ಬೆಳಗಾವಿಗೆ ಹೋಗಿಬರುವವರಿಗೆ ಇದೇ ಕಾರು ಯಾವ ಕಾಟವನ್ನೂ ಕೊಡದಿರಬಹುದು.

ಹಾಗಾದರೆ ದಿನಕ್ಕೆ ಹತ್ತು ಕಿಲೋಮೀಟರ್ ಓಡಾಡುವವರಿಗೆ ಡೀಸೆಲ್ ಕಾರು ಮಾರಿದವರು ಯಾರು? ಪೆಟ್ರೋಲ್ ಬೆಲೆಯನ್ನು 2010ರಲ್ಲಿ ಮುಕ್ತಗೊಳಿಸಿದ ಕೇಂದ್ರ ಸರ್ಕಾರ ಡೀಸೆಲನ್ನು 2014ರ ಅಕ್ಟೋಬರ್‌ವರೆಗೆ ಹಿಡಿತದಲ್ಲಿಟ್ಟುಕೊಂಡಿತ್ತು. ಆ ಅಗ್ಗದ ದಿನಗಳಲ್ಲಿ ಬೆಳೆದ 'ಡೀಸೆಲ್ ಎಂದರೆ ಉಳಿತಾಯ' ಎಂಬ ನಂಬಿಕೆ ಇನ್ನೂ ಅಳಿದಿಲ್ಲ. ರಾಜ್ಯ ಸರ್ಕಾರ 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿದ ಬಳಿಕ ಬೆಂಗಳೂರಿನಲ್ಲಿ ಎರಡೂ ಇಂಧನಗಳ ಅಂತರ ಲೀಟರಿಗೆ ಸುಮಾರು 12 ರೂಪಾಯಿಗೆ ಇಳಿಯಿತು. ಮಾರುತಿ ಸುಜುಕಿಯಂತಹ ಕಂಪನಿ 2020ರಲ್ಲಿಯೇ ಡೀಸೆಲ್ ಕಾರುಗಳಿಂದ ಹಿಂದೆ ಸರಿದದ್ದು ಸುಮ್ಮನಲ್ಲ. ವಸ್ತುವಿನ ಗುಣಮಟ್ಟವನ್ನು ತಿಳಿಯುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಖರೀದಿದಾರನಿಗೆ ಕೊಟ್ಟಿದೆ. ಷೋರೂಮಿನಲ್ಲಿ ಸನ್‌ರೂಫ್ ಬಗ್ಗೆ ಅರ್ಧ ಗಂಟೆ ವಿವರಿಸುವವರು ಡಿಪಿಎಫ್ ಬಗ್ಗೆ ಎರಡು ನಿಮಿಷ ಮಾತನಾಡಿದರೆ ನಷ್ಟವೇನಿಲ್ಲ.

ಕಾರು ಈಗಾಗಲೇ ಮನೆಯ ಮುಂದಿದ್ದರೆ ಮಾಡಬೇಕಾದದ್ದು ಇಷ್ಟು. ದೀಪ ಕಂಡ ದಿನವೇ, ಕಂಪನಿಯ ಕೈಪಿಡಿ ಹೇಳುವಂತೆ, ನೈಸ್ ರಸ್ತೆಯಲ್ಲೋ ತುಮಕೂರು ಹೆದ್ದಾರಿಯಲ್ಲೋ ಇಪ್ಪತ್ತು ನಿಮಿಷ ನಿಲ್ಲದೆ ಓಡಿಸಬೇಕು. ನಿಂತಾಗಲೂ ಎಂಜಿನ್ ತುಸು ಜೋರಾಗಿ ತಿರುಗುತ್ತಿದ್ದರೆ, ಫ್ಯಾನ್ ಬಿಡದೆ ಸದ್ದು ಮಾಡುತ್ತಿದ್ದರೆ ಒಳಗೆ ಮಸಿ ಉರಿಯುತ್ತಿರಬಹುದು; ಆಗ ಕೀಲಿ ತಿರುಗಿಸಿ ಆರಿಸಬಾರದು. ಆಯಿಲ್ ಮಟ್ಟ ತಾನಾಗಿ ಏರಿದ್ದರೆ ಅದು ಸಂತೋಷದ ಸಂಗತಿಯಲ್ಲ, ಡೀಸೆಲ್ ಬೆರೆತಿರುವ ಸೂಚನೆ. ಬದಲಿಸುವಾಗ ಕಂಪನಿ ಸೂಚಿಸಿದ, ಬೂದಿ ಕಡಿಮೆ ಬಿಡುವ ಆಯಿಲನ್ನೇ ಹಾಕಿಸಬೇಕು. ಬಚ್ಚಲ ಒಲೆ ಉರಿಸಿದವರಿಗೆ ಗೊತ್ತು: ಸೌದೆ ಉರಿದುಹೋಗುತ್ತದೆ, ಬೂದಿ ಉಳಿಯುತ್ತದೆ. ಡಿಪಿಎಫ್‌ನಲ್ಲಿಯೂ ಮಸಿ ಉರಿಯುತ್ತದೆ; ಆಯಿಲಿನಿಂದ ಬಂದ ಬೂದಿ ಉರಿಯದು, ಅದನ್ನು ಸೋಸುಕ ಬಿಚ್ಚಿಯೇ ತೆಗೆಸಬೇಕು. ಹೊಸ ಸೋಸುಕದ ಬೆಲೆ ಕೆಲವು ಮಾದರಿಗಳಲ್ಲಿ ಲಕ್ಷ ರೂಪಾಯಿ ದಾಟುತ್ತದೆ. ಅದಕ್ಕೆ ಒಪ್ಪುವ ಮುನ್ನ ಇಂಜೆಕ್ಟರ್, ಟರ್ಬೊ, ಇಜಿಆರ್ ಕವಾಟ ಹಾಗೂ ಒತ್ತಡ ಅಳೆಯುವ ಸೆನ್ಸರ್‌ಗಳನ್ನು ಪರೀಕ್ಷಿಸಿದ್ದೀರಾ ಎಂದು ಕೇಳುವುದು ಜಾಣತನ. ಬಹಳ ಸಲ ರೋಗ ಅಲ್ಲಿರುತ್ತದೆ, ಶಿಕ್ಷೆ ಸೋಸುಕಕ್ಕೆ.

ಕಿತ್ತೊಗೆಯುವ ದಾರಿ ಅಗ್ಗ, ನಿಜ. ಒಳಗಿನ ಜೇನುಗೂಡನ್ನು ಒಡೆದು, ಗಣಕದ ತಂತ್ರಾಂಶವನ್ನು ತಿದ್ದಿದರೆ ದೀಪ ಮತ್ತೆ ಬೆಳಗದು. ಆದರೆ ಆ ಮಸಿ ಮಾಯವಾಗುವುದಿಲ್ಲ. ಹಿಂದೆ ಬರುವ ಸ್ಕೂಟರ್ ಸವಾರನ, ಬಸ್ ನಿಲ್ದಾಣದಲ್ಲಿ ನಿಂತ ಶಾಲಾ ಮಕ್ಕಳ ಎದೆಗೆ ಇಳಿಯುತ್ತದೆ. ಮಾಲಿನ್ಯ ಮಿತಿ ಮೀರಿದ ವಾಹನ ಓಡಿಸಿದರೆ 10 ಸಾವಿರ ರೂಪಾಯಿವರೆಗೆ ದಂಡ ವಿಧಿಸಲು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶವಿದೆ. ಹಿಡಿಯುವುದು ಹೇಗೆ ಎಂಬುದೇ ಪ್ರಶ್ನೆ. ನಮ್ಮ ಹೊಗೆ ತಪಾಸಣಾ ಕೇಂದ್ರಗಳು ಡೀಸೆಲ್ ಹೊಗೆ ಎಷ್ಟು ದಟ್ಟವಾಗಿದೆ ಎಂಬುದನ್ನಷ್ಟೇ ಅಳೆಯುತ್ತವೆ. ಆಧುನಿಕ ಎಂಜಿನ್ನಿನ ಸೂಕ್ಷ್ಮ ಕಣಗಳು ಈ ಯಂತ್ರದ ಕಣ್ಣಿಗೆ ಸರಿಯಾಗಿ ಬೀಳವು. ಸೋಸುಕವಿಲ್ಲದ ಕಾರೂ ಪ್ರಮಾಣಪತ್ರ ಪಡೆದು ಹೊರಬರಬಹುದು. ಇದೇ ಕಾರಣಕ್ಕೆ ಬೆಲ್ಜಿಯಂ 2022ರಲ್ಲಿ, ನೆದರ್ಲೆಂಡ್ಸ್ ಮತ್ತು ಜರ್ಮನಿ 2023ರಲ್ಲಿ ಕಣಗಳನ್ನು ಎಣಿಸುವ ಉಪಕರಣವನ್ನು ವಾಹನ ತಪಾಸಣೆಗೆ ತಂದವು. ಬ್ರಿಟನ್ನಿನಲ್ಲಿ 2014ರಿಂದಲೇ, ಕಾರಿಗೆ ಮೂಲತಃ ಅಳವಡಿಸಿದ್ದ ಡಿಪಿಎಫ್ ಕಾಣೆಯಾಗಿದ್ದರೆ ಕಾರು ವಾರ್ಷಿಕ ಪರೀಕ್ಷೆಯಲ್ಲಿ ಅನುತ್ತೀರ್ಣ. ರಾಜ್ಯದ ಸಾರಿಗೆ ಇಲಾಖೆ ಬೆಂಗಳೂರಿನ ನಾಲ್ಕಾರು ಕೇಂದ್ರಗಳಲ್ಲಾದರೂ ಅಂತಹ ಉಪಕರಣವನ್ನು ಪ್ರಯೋಗಿಸಿ ನೋಡಬಾರದೇಕೆ?

ಅಲ್ಲಿಯವರೆಗೆ ಹಳೆಯ ಬಿಎಸ್-6 ಡೀಸೆಲ್ ಕಾರು ಕೊಳ್ಳುವವರಿಗೆ ಸುಲಭದ ಪರೀಕ್ಷೆಯೊಂದಿದೆ. ಎಂಜಿನ್ ತಣ್ಣಗಿರುವಾಗ ಹೊಗೆ ಕೊಳವೆಯ ಒಳಬದಿಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಡಿಪಿಎಫ್ ಸರಿಯಿದ್ದರೆ ಬಟ್ಟೆಗೆ ಹೆಚ್ಚೇನೂ ಅಂಟದು. ಕಾಡಿಗೆಯಂತೆ ಮಸಿ ಬಳಿದುಕೊಂಡರೆ ಮುಂಗಡ ಕೊಡುವ ಮೊದಲು ಕಾರನ್ನು ಲಿಫ್ಟಿನ ಮೇಲೇರಿಸಿ ಕೆಳಭಾಗವನ್ನು ತೋರಿಸಿರೆಂದು ಕೇಳಿ.